ಅಚ್ಚಿನ ಸಾಲು: ಮಾಸು ಸಹಜ

ಸ್ಕ್ಯಾನ್ ಮಾಡುವಾಗ ಬಸುರಿಯೊಬ್ಬಳ ಮಾಸನ್ನು, ಅಂದರೆ ಪ್ಲಾಸೆಂಟಾವನ್ನು, ನೋಡದೆಯೇ ನಾನು ‘ಮಾಸು ಸಹಜ’ ಎಂಬ ವರದಿಗೆ ಸಹಿ ಹಾಕಿದೆ. ಆಕೆಯ ಎಂಟು ತಿಂಗಳ ಮಗು ಹೊಟ್ಟೆಯಲ್ಲೇ ಸತ್ತಿತು. ಆ ಸಾಲು ನಮ್ಮ ವರದಿ ಹಾಳೆಯಲ್ಲಿ ಮೊದಲೇ ಅಚ್ಚಾಗಿರುತ್ತದೆ.

ಮರುವಾರದಿಂದ ಸ್ಕ್ಯಾನ್ ಯಂತ್ರದ ಕಾಟ ಶುರುವಾಯಿತು. ನಾನು ಶಾಲು ಹೊದೆಯುವಷ್ಟು ಎಸಿಯ ಚಳಿಯಿದ್ದರೂ ಬಾಟಲಿಯ ಜೆಲ್ ಮೈಯಷ್ಟು ಬೆಚ್ಚಗಿರುತ್ತಿತ್ತು. ಹೊಟ್ಟೆಯ ಮೇಲಾಡಿಸುವ ಪ್ರೋಬನ್ನು ಕೊಕ್ಕೆಗೆ ಸಿಕ್ಕಿಸಿದ ಮೇಲೂ ರಕ್ತ ಹರಿಯುವ ಸದ್ದು: ಒಂದು ಬಡಿತ, ಒಂದು ತಡೆ. ಆ ತಡೆಯಿದ್ದರೆ ಮಗುವಿಗೆ ಮಾಸಿನಿಂದ ರಕ್ತ ಸಾಲುತ್ತಿಲ್ಲವೆಂದರ್ಥ. ರಿಪೇರಿಯವನು ಮೂರು ಸಲ ಬಂದ.

“ಯಂತ್ರ ಗುಂಡುಕಲ್ಲಿನ ಹಾಗಿದೆ ಮೇಡಂ. ನೀವೇ ನಾಲ್ಕು ದಿನ ರಜೆ ಹಾಕಿ,” ಎಂದು ಹಲ್ಲುಕಿರಿದ.

ಇವತ್ತು ಮಧ್ಯಾಹ್ನ ತುಂಬು ಬಸುರಿಯೊಬ್ಬಳು ಬಂದು ಮಲಗಿದಳು. ಪ್ರೋಬ್ ಹೊಟ್ಟೆ ಮುಟ್ಟುವ ಮೊದಲೇ ಅದೇ ಸದ್ದು.

“ಅಕ್ಕಾ, ಅದು ನನ್ನ ಮಗೂದಾ?”

ಹೊಟ್ಟೆಗಿಟ್ಟಾಗಲೂ ಅದೇ ಬಡಿತ, ಅದೇ ತಡೆ. ಈಕೆಯ ಮಾಸು ಸೋಲುತ್ತಿದೆಯೋ, ಆ ಸತ್ತ ಮಗುವಿನದೇ ಇನ್ನೂ ಕೇಳುತ್ತಿದೆಯೋ ತಿಳಿಯಲಿಲ್ಲ. ಬೇರೆ ಯಂತ್ರದಲ್ಲಿ ನೋಡಬೇಕೆಂದು ದೊಡ್ಡ ಡಾಕ್ಟರಿಗೆ ಹೇಳಿ ಕಳಿಸಿದೆ.

“ಹೊರಗೆ ನಲವತ್ತು ಜನ ಕಾಯ್ತಿದಾರೆ. ದೆವ್ವ ಹಿಡಿದಿದ್ರೆ ಮನೇಲಿ ಬಿಡಿಸ್ಕೊಳ್ಳಿ,” ಎನ್ನುತ್ತ ಬಂದವರೇ ಯಂತ್ರದ ಪ್ಲಗ್ ಕಿತ್ತರು.

ಪರದೆ ಕಪ್ಪಾಯಿತು. ಸದ್ದು ನಿಲ್ಲಲಿಲ್ಲ.

ಅವರಿಗೂ ಕೇಳಿತು. ಆದರೂ ಅಚ್ಚಿನ ಹಾಳೆ ನನ್ನ ಮುಂದೆ ತಳ್ಳಿದರು.

“ಸಹಿ ಹಾಕಿ.”

“ಹಾಕಲ್ಲ ಸರ್. ಬೇರೆ ಯಂತ್ರದಲ್ಲಿ ನೋಡೋವರೆಗೂ ಇವರನ್ನ ಮನೆಗೂ ಕಳಿಸಲ್ಲ.”