ಮುಗಿಲಿಯ ಲಾಳ ಮತ್ತು ನಿದ್ದೆಹೋದ ಹೊಳೆ

ಬಹಳ ಬಹಳ ಹಿಂದೆ, ಗುಡ್ಡಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ, ತೊರೆಗಲ್ಲು ಎಂಬೊಂದು ರಾಜ್ಯವಿತ್ತು. ಗುಡ್ಡಗಳಿಗೆ ಆಮೇಲೆ ಹೆಸರಿಟ್ಟವನು ನಾನೇ. ಆ ಕತೆ ಬೇರೆ. ಅದನ್ನು ಎತ್ತಿಕೊಂಡರೆ ಈವತ್ತು ನಿಮಗೆ ಊಟವಿಲ್ಲ.

ಆ ರಾಜ್ಯದಲ್ಲೊಂದು ಹೊಳೆಯಿತ್ತು. ಬೇರೆ ಊರಿನ ಹೊಳೆಗಳ ಹಾಗೆ ಅದು ತಾನಾಗಿ ಹರಿಯುತ್ತಿರಲಿಲ್ಲ. ಗುಡ್ಡದ ಬುಡದ ಮಡುವಿನಲ್ಲಿ ಮಲಗಿರುತ್ತಿತ್ತು. ಬೆಳಿಗ್ಗೆ ಅರಮನೆಯ ಲಾಯದಿಂದ ಮುಗಿಲಿ ಎಂಬ ಬಿಳಿ ಹೆಣ್ಣುಕುದುರೆ ಹೊರಟು ಮಡುವಿನ ಪಕ್ಕದ ಕಲ್ಲುಹಾಸಿನ ಮೇಲೆ ನಡೆಯುತ್ತಿತ್ತು. ಟಕ್, ಟಕ್, ಟಕಾ... ಟಕ್. ಹುಟ್ಟಿನಿಂದಲೇ ಅದರ ಎಡ ಹಿಂಗಾಲು ಒಂದು ಚೂರು ಹಿಂದುಳಿಯುತ್ತಿತ್ತು, ಅದಕ್ಕೇ ಆ ಕೊನೆಯ ಟಕ್ ತಡ. ಆ ಸದ್ದು ಕೇಳಿದರೆ ಸಾಕು, ಹೊಳೆ ಎದ್ದು ಮೈಮುರಿದು, ಸಾಕಿದ ನಾಯಿಯ ಹಾಗೆ ಮುಗಿಲಿಯ ಹಿಂದೆ ಹೊರಡುತ್ತಿತ್ತು. ಮುಗಿಲಿ ಹೊಲಕ್ಕೆ ಹೋದರೆ ಹೊಲಕ್ಕೆ ನೀರು. ಕೇರಿಗೆ ಹೋದರೆ ಕೇರಿಗೆ ನೀರು. ಮೂರು ಹಗಲು ಮುಗಿಲಿ ಬರದಿದ್ದರೆ ಮಾತ್ರ ಹೊಳೆ ಗುಡ್ಡದ ಹೊಟ್ಟೆಗೆ ಇಳಿದುಬಿಡುತ್ತದೆ, ಆಮೇಲೆ ಏಳುವುದಿಲ್ಲ ಅಂತ ಹಿರಿಯರು ಹೇಳುತ್ತಿದ್ದರು.

ವರ್ಷಕ್ಕೊಮ್ಮೆ ಅಲ್ಲಿ ತುತ್ತಿನ ಹಬ್ಬ. ಮನೆಗೊಂದು ಹಿಡಿ ಹುರುಳಿಯನ್ನು ನೆನೆಸಿ, ಬೇಯಿಸಿ, ಆರಿಸಿ ಮುಗಿಲಿಗೆ ತಿನ್ನಿಸುವುದು ಪದ್ಧತಿ. ಆ ವರ್ಷ ಊರಿಗೆ ಗುಡುಗಯ್ಯ ಎಂಬ ಮಾಂತ್ರಿಕ ಬಂದಿದ್ದ. ಅವನ ಮೀಸೆ ಕೂದಲಿನದಲ್ಲ, ಹೊಗೆಯದು. ಯಾರಾದರೂ ಹೆದರಿದರೆ ಅದು ಒಂದು ಗೇಣು ಬೆಳೆಯುತ್ತಿತ್ತು. ಅವನು ಸಂತೆಕಟ್ಟೆಯ ಮೇಲೆ ನಿಂತು, "ಯಾರು ಹೆಚ್ಚು ತಿನ್ನಿಸುತ್ತಾರೋ ಅವರ ಹೊಲಕ್ಕೆ ಹೊಳೆ ಮೊದಲು ಬರುತ್ತದೆ!" ಅಂತ ಸಾರಿಬಿಟ್ಟ.

ಇನ್ನು ಕೇಳಬೇಕೇ? ಹಿಡಿ ಹೋಗಿ ಮೊರವಾಯಿತು, ಮೊರ ಹೋಗಿ ಬುಟ್ಟಿಯಾಯಿತು. ನೆನೆಸಲು, ಬೇಯಿಸಲು ಪುರುಸೊತ್ತು ಯಾರಿಗಿದೆ? ಒಣ ಹುರುಳಿಯನ್ನೇ ತಂದು ಸುರಿದರು. ಮುಗಿಲಿ ಪಾಪ, ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಅನ್ನುವ ಜಾತಿಯದಲ್ಲ. ಗಬಗಬ ತಿಂದಿತು.

ಮಾರನೆಯ ಬೆಳಿಗ್ಗೆ ಟಕ್ ಸದ್ದು ಕೇಳಲಿಲ್ಲ.

ಲಾಯದಲ್ಲಿ ಮುಗಿಲಿ ಕತ್ತು ಮುಂದೆ ಚಾಚಿ ನಿಂತಿತ್ತು. ಕೆಮ್ಮುತ್ತಿತ್ತು, ಗಂಟಲು ಬಿಗಿಯುತ್ತಿತ್ತು. ಎರಡೂ ಮೂಗಿನ ಹೊಳ್ಳೆಗಳಿಂದ ನೊರೆ, ನೊರೆಯಲ್ಲಿ ಹುರುಳಿಯ ಚೂರು.

"ಗಂಟಲುಭೂತ!" ಅಂದ ಗುಡುಗಯ್ಯ. ಊರೆಲ್ಲ ಹೋ ಎಂದಿತು. ಅವನ ಮೀಸೆ ಭುಜ ದಾಟಿತು. "ಬಾಯಿಗೆ ಒಂದು ಕೊಡ ತುಪ್ಪ ಹೊಯ್ಯಿರಿ!"

ರಾಜ ಬೊಮ್ಮರಸ ತುಪ್ಪ ತರಿಸಿದ. ಕೊಡ ಎತ್ತುವಷ್ಟರಲ್ಲಿ ಒಂದು ಹುಡುಗಿ ಅಡ್ಡ ಬಂದಳು. ಅವಳೇ ಸಂಕವ್ವ. ಅವಳಪ್ಪ ಅರಮನೆಯ ಕುದುರೆಗಳಿಗೆ ಲಾಳ ಕಟ್ಟುವವನು. ಅಪ್ಪನ ಕೈ ನಡುಗತೊಡಗಿದ ಮೇಲೆ ಮುಗಿಲಿಯ ನಾಲ್ಕು ಕಾಲಿಗೂ ಲಾಳ ಹೊಡೆಯುತ್ತಿದ್ದವಳು ಇವಳೇ.

"ಹೊಯ್ಯಬೇಡಿ ದೊರೆಗಳೇ! ಗಂಟಲು ಕಟ್ಟಿದೆ. ಈಗ ಹೊಯ್ದದ್ದು ಹೊಟ್ಟೆಗೆ ಹೋಗಲ್ಲ, ಉಸಿರಿನ ಚೀಲಕ್ಕೆ ಹೋಗುತ್ತೆ. ಸಾಯುತ್ತೆ ಕುದುರೆ."

"ನೀನು ಕಾಲಿನವಳು," ಅಂತ ನಕ್ಕ ಗುಡುಗಯ್ಯ. "ಗಂಟಲಿನ ಸುದ್ದಿ ನಿನಗ್ಯಾಕೆ?"

"ಕಾಲು ಹಿಡಿದುಕೊಂಡು ಬಗ್ಗಿದಾಗ ಮೇಲಿನದೆಲ್ಲ ಕಾಣುತ್ತೆ ಸ್ವಾಮಿ. ಹೆದರುವ ಮೊದಲು ಒಂದು ಸಲ ಮುಟ್ಟಿ ನೋಡಿ."

ಅವಳು ಮುಗಿಲಿಯ ಕತ್ತಿನ ಎಡಗಡೆ ಬೆರಳಾಡಿಸಿದಳು. ನಡುವೆ ನಿಂಬೆಕಾಯಿಯಷ್ಟು ಗಂಟು. ಒಣ ಹುರುಳಿ ಊದಿಕೊಂಡು ಕೂತಿತ್ತು.

ಗುಡುಗಯ್ಯ ರಾಜನ ಕಡೆ ತಿರುಗಿದ. "ಆಗಲಿ. ಮೂರನೆಯ ದಿನ ಹೊತ್ತು ಮುಳುಗುವುದರೊಳಗೆ ಇವಳು ಹೊಳೆ ತರಿಸಲಿ. ತರದಿದ್ದರೆ ಕುದುರೆ ನನ್ನದು. ಅದರ ಚರ್ಮದಲ್ಲಿ ನಗಾರಿ ಮಾಡುತ್ತೇನೆ. ಹೊಳೆ ನಗಾರಿಯ ಹಿಂದೆ ಬರುತ್ತದೆ, ನಗಾರಿ ನನ್ನ ಹಿಂದೆ. ಈ ಹುಡುಗಿಯನ್ನು ಲಾಯದ ಗೂಟ ಮಾಡಿ ನಿಲ್ಲಿಸುತ್ತೇನೆ."

ರಾಜ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ನಮ್ಮ ಬೊಮ್ಮರಸ ಒಳ್ಳೆಯವನು, ಗಟ್ಟಿಗನಲ್ಲ. ಸುಮ್ಮನಿದ್ದುದನ್ನೇ ಒಪ್ಪಿಗೆ ಅಂತ ಗುಡುಗಯ್ಯ ಎತ್ತಿಕೊಂಡ.

ಸಂಕವ್ವ ಮೇವು ತೆಗೆಸಿದಳು, ನೀರಿನ ಬಾನಿ ತೆಗೆಸಿದಳು. ನೊರೆ ಹೊರಗೆ ಸುರಿಯಲಿ ಅಂತ ಮುಗಿಲಿಯ ತಲೆ ತಗ್ಗಿಸಿ ಹಿಡಿದುಕೊಂಡು, ಆ ಗಂಟನ್ನು ಮೆಲ್ಲಗೆ, ಮೆಲ್ಲಗೆ ಕೆಳಮುಖವಾಗಿ ನೀವಿದಳು. ಹೊತ್ತು ನೆತ್ತಿಗೆ ಬಂತು. ಗಂಟು ಅಲ್ಲೇ ಇತ್ತು. ಅವಳ ಬೆರಳು ಜೋಮು ಹಿಡಿದವು. ಹೊತ್ತು ವಾಲಿತು. ಆಗ ಮುಗಿಲಿ ಒಂದು ಸಲ ಗುಟುಕ್ ಎಂದು ನುಂಗಿತು. ಗಂಟು ಜಾರಿತು! ಕುದುರೆ ದೊಡ್ಡದಾಗಿ ಸೀನಿ, ಒಳಗಿದ್ದ ನೊರೆಯನ್ನೆಲ್ಲ ರಾಜನ ಜರತಾರಿ ಅಂಗಿಗೆ ಬಳಿಯಿತು.

"ಗಂಟಲು ನೋಯುತ್ತಿರುತ್ತೆ. ಈವತ್ತು ನಡೆಸಬೇಡಿ," ಅಂದಳು ಸಂಕವ್ವ. "ಸ್ವಲ್ಪ ನೀರು, ನೆನೆಸಿದ ಮೆತ್ತನೆ ಹುಲ್ಲು. ಹುರುಳಿ ಒಂದು ಕಾಳೂ ಬೇಡ."

ಒಂದು ಹಗಲು ಹೋಯಿತು. ಹೊಳೆ ಮಲಗಿಯೇ ಇತ್ತು.

ಎರಡನೆಯ ಬೆಳಿಗ್ಗೆ ಲಾಯ ನೋಡಿಕೊಳ್ಳುವ ಮುದುಕ ಕರಿಬಸ ಓಡಿ ಬಂದ. "ತಂಗೀ, ನೆಲ ಕೆರೀತಾ ಇದೆ! ತಿರುಗಿ ತಿರುಗಿ ತನ್ನ ಹೊಟ್ಟೇನೇ ನೋಡ್ತಾ ಇದೆ!"

ಮುಗಿಲಿ ಬೆವರಿ ತೊಪ್ಪೆಯಾಗಿತ್ತು. ಮಲಗುತ್ತಿತ್ತು, ಏಳುತ್ತಿತ್ತು, ಮತ್ತೆ ಬಿದ್ದು ಹೊರಳಲು ನೋಡುತ್ತಿತ್ತು.

"ಹೊಟ್ಟೆಭೂತ!" ಅಂದ ಗುಡುಗಯ್ಯ. ಮೀಸೆ ಮೊಣಕಾಲಿಗಿಳಿಯಿತು. "ಕಬ್ಬಿಣ ಕಾಯಿಸಿ ಹೊಟ್ಟೆಗೆ ಬರೆ ಎಳೆಯಿರಿ!"

"ಬರೆ ಎಳೆದರೆ ಹೊಟ್ಟೆನೋವಿನ ಜೊತೆ ಸುಟ್ಟ ನೋವೂ ಸೇರುತ್ತೆ, ಅಷ್ಟೇ," ಅಂದಳು ಸಂಕವ್ವ. "ಕರಿಬಸಣ್ಣ, ರಾತ್ರಿ ಲದ್ದಿ ಹಾಕಿತಾ?"

"ಇಲ್ಲ ತಂಗಿ. ಬೆಳಿಗ್ಗೇನೂ ಇಲ್ಲ."

ಸಂಕವ್ವ ಮುಗಿಲಿಯ ಪಕ್ಕೆಗೆ ಕಿವಿಯಿಟ್ಟಳು. ಸುಖವಾಗಿರುವ ಕುದುರೆಯ ಹೊಟ್ಟೆಯಲ್ಲಿ ಯಾವಾಗಲೂ ಗುಡುಗುಡು ನಡೆದೇ ಇರುತ್ತದೆ. ಬಲಕ್ಕೆ ಎಲ್ಲೋ ದೂರದಲ್ಲಿ ಒಂದು ಗುಳುಗುಳು. ಎಡಕ್ಕೆ ಏನೂ ಇಲ್ಲ, ಬಾಗಿಲು ಹಾಕಿದ ಮನೆಯ ಹಾಗೆ. ತುಟಿ ಎತ್ತಿ ಒಸಡನ್ನು ಹೆಬ್ಬೆರಳಲ್ಲಿ ಒತ್ತಿದಳು. ಬಿಳಿಚಿದ ಜಾಗಕ್ಕೆ ಕೆಂಪು ಮರಳಿ ಬರಬೇಕು. ಬಂತು, ಆದರೆ ತಡವಾಗಿ. ಅವಳ ಮುಖವೂ ಬಿಳಿಚಿತು. ಹುಲ್ಲು ಮಾತ್ರ ತಿಂದದ್ದಕ್ಕೆ ಹೀಗಾಗುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಯಾರು ಏನು ತಿನ್ನಿಸಿದರು ಅಂತ ಕೇಳುತ್ತ ಕೂರಲು ಹೊತ್ತಿರಲಿಲ್ಲ.

ಹಗ್ಗ ಹಿಡಿದು ಲಾಯದ ಮರಳಿನ ಅಂಗಳದಲ್ಲಿ ಮುಗಿಲಿಯನ್ನು ನಡೆಸಿದಳು. ಓಡಿಸಲಿಲ್ಲ, ಎಳೆಯಲಿಲ್ಲ. ಒಂದು ಸುತ್ತು, ನಿಲ್ಲು. ಇನ್ನೊಂದು ಸುತ್ತು, ನಿಲ್ಲು. ಹೊರಳಲು ಹೋದರೆ ಎಬ್ಬಿಸು. ಮರಳಿನ ಮೇಲೆ ಲಾಳ ಸದ್ದು ಮಾಡುವುದಿಲ್ಲ. ಕುದುರೆ ದಿನವಿಡೀ ನಡೆದರೂ ಹೊಳೆ ಕಣ್ಣು ಬಿಡಲಿಲ್ಲ. ಅದನ್ನು ಗಮನಿಸಿದವಳು ಸಂಕವ್ವ ಒಬ್ಬಳೇ.

ಅತ್ತ ಊರಿನ ಬಾನಿಗಳು ತಳ ಕಾಣುತ್ತಿದ್ದವು. ಮಕ್ಕಳು ಒಣ ತುಟಿ ನೆಕ್ಕುತ್ತಿದ್ದರು. ಇಡೀ ಊರು ಲಾಯದ ಸುತ್ತ ಉಸಿರು ಬಿಗಿಹಿಡಿದು ಒಂದೇ ಒಂದಕ್ಕೆ ಕಾಯುತ್ತಿತ್ತು. ರಾಜ ಸಿಂಹಾಸನ ತರಿಸಿ ಕುದುರೆಯ ಹಿಂದುಗಡೆ ಹಾಕಿಸಿಕೊಂಡು ಕೂತ. ಮಂತ್ರಿಗಳು ಅವನ ಹಿಂದೆ ಕೂತರು. ಯುದ್ಧ ನೋಡಿದ್ದೇನೆ, ಪಟ್ಟಾಭಿಷೇಕ ನೋಡಿದ್ದೇನೆ, ಸಮುದ್ರ ಕಡೆದದ್ದನ್ನು ಎರಡನೇ ಸಾಲಿನಲ್ಲಿ ಕೂತು ನೋಡಿದ್ದೇನೆ. ಆದರೆ ಅಷ್ಟು ಜನ ಅಷ್ಟು ಭಕ್ತಿಯಿಂದ ಕುದುರೆಯ ಬಾಲ ನೋಡುತ್ತ ಕೂತದ್ದನ್ನು ಮತ್ತೆಲ್ಲೂ ಕಾಣಲಿಲ್ಲ.

ಹೊತ್ತು ಇಳಿಯುವಾಗ ಪುರ್ರ್ ಅಂತ ಒಂದು ಸದ್ದಾಯಿತು.

"ಗಾಳಿ! ಗಾಳಿ ಬಂತು!" ಕರಿಬಸನ ಕಣ್ಣಲ್ಲಿ ನೀರು.

ಇನ್ನೊಂದು ಸುತ್ತು. ಬಾಲ ಎದ್ದಿತು. ಒಂದು, ಎರಡು, ಮೂರು ಉಂಡೆ ಲದ್ದಿ ಮರಳಿನ ಮೇಲೆ ಬಿತ್ತು. ಕೋಟೆಯ ಮೇಲೆ ಕಹಳೆ ಊದಿದರು. ರಾಜ ಮಂತ್ರಿಯನ್ನು ತಬ್ಬಿಕೊಂಡ.

ಅಷ್ಟರಲ್ಲಿ ಹೊತ್ತು ಮುಳುಗಿತು. ಎರಡು ಹಗಲು ಹೋಯಿತು.

ಮೂರನೆಯ ಬೆಳಿಗ್ಗೆ ಮುಗಿಲಿ ಎದ್ದೇ ನಿಂತಿತ್ತು. ಆದರೆ ಎಂಥ ನಿಲುವು! ಮುಂಗಾಲು ಎರಡನ್ನೂ ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ, ಕೆಂಡದ ಮೇಲೆ ನಿಂತ ಹಾಗೆ. ಒಂದು ಹೆಜ್ಜೆಯೂ ಇಡಲೊಲ್ಲದು.

"ಗೊರಸುಭೂತ!" ಅಂದ ಗುಡುಗಯ್ಯ. ಮೀಸೆ ಈಗ ಲಾಯದಿಂದ ಹೊರಟು ಬೀದಿಯ ಕೊನೆಯವರೆಗೂ ಹಬ್ಬಿತ್ತು. "ನಿನ್ನೆ ನಡೆಸಿದ್ದಕ್ಕೆ ವಾಸಿಯಾಯಿತಲ್ಲ? ಈವತ್ತೂ ನಡೆಸಿ! ಚಾವಟಿ ತನ್ನಿ!"

"ಹೌದು, ನಡೆಸು ಸಂಕವ್ವ!" ಅಂದಿತು ಊರು. "ನೀನೇ ತೋರಿಸಿಕೊಟ್ಟ ಔಷಧಿ ಅಲ್ಲವೇ?"

"ತಾಯೀ, ನಾಲ್ಕೇ ಹೆಜ್ಜೆ," ಅಂತ ರಾಜ ಕೈಮುಗಿದ. "ಕಲ್ಲುಹಾಸಿನವರೆಗೆ. ಈವತ್ತು ತಪ್ಪಿದರೆ ಹೊಳೆ ಹೋಯಿತು, ನೀನೂ ಹೋದೆ."

ಸಂಕವ್ವ ಬಗ್ಗಿ ಗೊರಸಿನ ಮೇಲೆ ಕೈಯಿಟ್ಟಳು. ಕಾದ ಹೆಂಚು. ಗೊರಸಿನ ಮೇಲೆ ಹಿಂಬದಿಯಲ್ಲಿ ನಾಡಿ ಡಬ್ ಡಬ್ ಎಂದು ಬಡಿಯುತ್ತಿತ್ತು. ಅವಳು ಎದ್ದು, ಬಾಗಿಲಿಗೆ ಅಡ್ಡ ನಿಂತಳು.

"ನಡೆಸಲ್ಲ."

"ಏನಂದೆ?" ಅಂದ ಗುಡುಗಯ್ಯ.

"ನಿನ್ನೆಯದು ಹೊಟ್ಟೆ, ಈವತ್ತಿನದು ಗೊರಸು. ನಿನ್ನೆ ನಡೆಸಿದ್ದಕ್ಕೆ ಉಳೀತು, ಈವತ್ತು ನಡೆಸಿದರೆ ಒಳಗಿನ ಮೂಳೆ ಗೊರಸಿನಿಂದ ಕಿತ್ತು ಬರುತ್ತೆ. ಆಮೇಲೆ ಇದು ಜನ್ಮದಲ್ಲಿ ನಡೆಯಲ್ಲ. ನನ್ನನ್ನು ಗೂಟ ಮಾಡಿ ಬೇಕಾದರೆ. ಇದನ್ನು ಮಾತ್ರ ನಡೆಸಲ್ಲ." ಆಮೇಲೆ ಸುತ್ತ ನೋಡಿ ಕೇಳಿದಳು. "ಇದು ಕಾಳು ಮಿತಿಮೀರಿದಾಗ ಬರೋ ಕಾಯಿಲೆ. ನಾನು ಬೇಡ ಅಂದಮೇಲೂ ಹುರುಳಿ ಹಾಕಿದವರು ಯಾರು?"

ರಾಜ ಕಿರೀಟ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ನಾನು. ಮೊದಲ ದಿನ ಸಂಜೆ. ಪಾಪ, ದಿನವಿಡೀ ಉಪವಾಸ ಇತ್ತಲ್ಲ... ಒಂದೇ ಒಂದು ಬುಟ್ಟಿ. ಮೇಲೆ ಒಂದು ಅಚ್ಚು ಬೆಲ್ಲ."

"ಕೇಳಿದಿರಾ?" ಸಂಕವ್ವ ಊರಿನ ಕಡೆ ತಿರುಗಿದಳು. "ಗಂಟಲುಭೂತವೂ ಇಲ್ಲ, ಹೊಟ್ಟೆಭೂತವೂ ಇಲ್ಲ, ಗೊರಸುಭೂತವೂ ಇಲ್ಲ. ನಿಮ್ಮ ಬುಟ್ಟಿಗಳೇ ಗಂಟಲಿಂದ ಗೊರಸಿನವರೆಗೂ ಇಳಿದಿವೆ."

ಊರಿಗೆ ಊರೇ ತಲೆ ತಗ್ಗಿಸಿತು. ಬೀದಿಯ ಕೊನೆಯಲ್ಲಿದ್ದ ಮೀಸೆ ಲಾಯದ ಬಾಗಿಲವರೆಗೆ ಸರಿಯಿತು.

"ಮಾತಿನಿಂದ ನೀರು ಬರುವುದಿಲ್ಲ," ಅಂತ ಹಲ್ಲು ಕಡಿದ ಗುಡುಗಯ್ಯ. "ಹೊತ್ತು ನೋಡು, ಹುಡುಗಿ."

ನಿಜ. ಮುಗಿಲಿಯ ಗೊರಸಿಗೆ ಬೇಕಾದದ್ದು ತಣ್ಣೀರು, ಗಂಟೆಗಟ್ಟಲೆ ನಿಲ್ಲುವಷ್ಟು ತಣ್ಣೀರು. ಊರಿನ ಬಾನಿಗಳಲ್ಲಿ ಇದ್ದದ್ದು ತಳದ ಕೆಸರು. ನೀರು ಬರಲು ಮುಗಿಲಿ ನಡೆಯಬೇಕು. ಮುಗಿಲಿ ನಡೆಯಲು ನೀರು ಬೇಕು. ಸಂಕವ್ವ ಮುಗಿಲಿಯ ಕಾಲ ಬಳಿ ಕುಕ್ಕರಿಸಿದಳು. ಅಂಗಳದಿಂದ ಗೊರಸಿಗಂಟಿ ಬಂದ ಒಂದಿಷ್ಟು ಮರಳು ಕೈಗೆ ಬಂತು. ಮರಳು... ನಿನ್ನೆ ದಿನವಿಡೀ ನಡೆದರೂ ಹೊಳೆ ಏಳಲಿಲ್ಲ. ಹಾಗಾದರೆ ಹೊಳೆ ಕುದುರೆಯನ್ನು ನೋಡುತ್ತಲೇ ಇರಲಿಲ್ಲ! ಕೇಳುತ್ತಿತ್ತು.

ಅವಳು ಮುಗಿಲಿಯ ಕಾಲಡಿ ಮೆತ್ತಗಿರಲಿ ಅಂತ ಅಂಗಳದ ಮರಳು ತಂದು ದಪ್ಪಗೆ ಹರಡಿದಳು. ಇಕ್ಕಳ ತಂದು, ಮೊಳೆಗಳನ್ನು ಒಂದೊಂದಾಗಿ ನೋಯದ ಹಾಗೆ ಎಳೆದು, ಮುಂಗಾಲಿನ ಎರಡೂ ಲಾಳ ಬಿಚ್ಚಿದಳು. ಒಂದನ್ನು ಎಡಗೈಯಲ್ಲಿ, ಒಂದನ್ನು ಬಲಗೈಯಲ್ಲಿ ಹಿಡಿದು ಮಡುವಿಗೆ ಓಡಿದಳು.

ಮಡು ಆಗಲೇ ಮೊಣಕಾಲುದ್ದಕ್ಕೆ ಇಳಿದಿತ್ತು. ಅವಳು ಬಗ್ಗಿ ಕಲ್ಲುಹಾಸಿಗೆ ಲಾಳ ಬಡಿದಳು. ಟಕ್ ಟಕ್ ಟಕ್ ಟಕ್. ಹೊಳೆ ಮಗ್ಗುಲು ಬದಲಿಸಿತು, ಏಳಲಿಲ್ಲ. ಹೊತ್ತು ಗುಡ್ಡದ ತಲೆ ಮುಟ್ಟಿತು. ಸಂಕವ್ವ ಕಣ್ಣು ಮುಚ್ಚಿ, ತಾನು ಲಾಳ ಕಟ್ಟಿದ ಆ ಎಡ ಹಿಂಗಾಲನ್ನು ನೆನೆದಳು. ಟಕ್, ಟಕ್, ಟಕಾ... ಟಕ್.

ಹೊಳೆ ತಲೆ ಎತ್ತಿತು.

ಅವಳು ಬೆನ್ನು ಬಗ್ಗಿಸಿಕೊಂಡೇ, ದಾರಿಯ ಕಲ್ಲುಗಳಿಗೆ ಬಡಿಯುತ್ತ ಬಡಿಯುತ್ತ ಲಾಯದ ಕಡೆಗೆ ಹಿಂದಹಿಂದಕ್ಕೆ ನಡೆದಳು. ಹೊಳೆ ಅವಳ ಎದುರು ಎದುರೇ ಹೊರಟಿತು. ಗುಡುಗಯ್ಯ ಮೀಸೆ ಊದಿ ದಾರಿಯ ತುಂಬ ಹೊಗೆ ತುಂಬಿದ. ದಾರಿ ಕಾಣದಾಯಿತು. ಆದರೆ ಹೊಳೆಗೆ ಕಣ್ಣು ಬೇಕಿರಲಿಲ್ಲ, ಸಂಕವ್ವನ ಕೈಗೂ ಬೇಕಿರಲಿಲ್ಲ. ಟಕ್, ಟಕ್, ಟಕಾ... ಟಕ್. ಹೊಳೆ ಹೊಗೆಯನ್ನು ಸೀಳಿಕೊಂಡು ಬಂದು ಮೀಸೆಗೆ ತಾಗಿತು. ಚುಂಯ್ ಅಂತು. ಅಷ್ಟುದ್ದದ ಮೀಸೆ ಆರಿಹೋಗಿ, ಬೋಳು ತುಟಿಯ ಒಬ್ಬ ಪುಟ್ಟ ಮನುಷ್ಯ ಸೀನುತ್ತ ನಿಂತಿದ್ದ. ಅದೇ ಹೊತ್ತಿಗೆ ಸೂರ್ಯ ಮುಳುಗಿದ. ಅದೇ ಹೊತ್ತಿಗೆ ಹೊಳೆ ಲಾಯದ ಹೊಸ್ತಿಲು ದಾಟಿ, ಅಷ್ಟು ವರ್ಷ ಹಿಂದೆ ಹಿಂದೆಯೇ ಬಂದದ್ದು, ಮೊದಲ ಸಲ ಮುಂದೆ ಬಂದು ಮುಗಿಲಿಯ ಬಿಸಿ ಗೊರಸುಗಳ ಸುತ್ತ ತಣ್ಣಗೆ ನಿಂತಿತು. ಮುಗಿಲಿ ನಿಟ್ಟುಸಿರು ಬಿಟ್ಟಿತು. ನಾನು ಅಷ್ಟು ಉದ್ದದ ನಿಟ್ಟುಸಿರು ಕೇಳಿಲ್ಲ.

ಮುಗಿಲಿ ಒಂದೇ ದಿನಕ್ಕೆ ವಾಸಿಯಾಯಿತು ಅಂತ ಹೇಳಬಹುದಿತ್ತು. ನನಗೂ ಮರ್ಯಾದೆ ಇದೆ. ಎರಡು ತಿಂಗಳು ಹಿಡಿಯಿತು. ಅಷ್ಟು ದಿನವೂ ಸಂಕವ್ವ ಬೆಳಿಗ್ಗೆ ಲಾಳ ಬಡಿಯುತ್ತ ಹೊಳೆಯನ್ನು ಊರೆಲ್ಲ ತಿರುಗಿಸಿದಳು. ಆಮೇಲೆ ಒಂದು ದಿನ ಮುಗಿಲಿಯೇ ಕಲ್ಲುಹಾಸಿನ ಮೇಲೆ ಕಾಲಿಟ್ಟಿತು. ರಾಜ ತುತ್ತಿನ ಹಬ್ಬಕ್ಕೆ ಹೊಸ ಪದ್ಧತಿ ತಂದ: ಊರಿಗೆಲ್ಲ ಸೇರಿ ಒಂದು ಹಿಡಿ ಹುಲ್ಲು. ಆ ದಿನ ರಾಜನ ಜೇಬು ತಡಕುವ ಅಧಿಕಾರ ಕರಿಬಸನಿಗೆ. ಗುಡುಗಯ್ಯನಿಗೆ ಲಾಯದಲ್ಲೇ ಕೆಲಸ ಸಿಕ್ಕಿತು. ದಿನಾ ಬೆಳಿಗ್ಗೆ ಲದ್ದಿ ಬಾಚಿ, ಬಣ್ಣ ಹೇಗಿದೆ, ಮೆತ್ತಗೋ ಗಟ್ಟಿಯೋ ಅಂತ ಸಂಕವ್ವನಿಗೆ ಒಪ್ಪಿಸುವುದು. ಅವನು ಅದರಲ್ಲಿ ಪಂಡಿತನೇ ಆದ ಅನ್ನುತ್ತಾರೆ. ಎಲ್ಲರ ಹೊಲ ಹಸಿರಾಯಿತು, ಎಲ್ಲರ ಬಾನಿ ತುಂಬಿತು, ಆ ರಾಜ್ಯದಲ್ಲಿ ಯಾರೂ ಭೂತದ ಹೆಸರಿಗೆ ಬೆಚ್ಚಲಿಲ್ಲ.

ಇದೆಲ್ಲ ಸುಳ್ಳು ಅನ್ನುವವರು ಇಲ್ಲಿ ಬನ್ನಿ. ಹೊಳೆ ಲಾಯಕ್ಕೆ ನುಗ್ಗಿದಾಗ ನಾನು ಬಾಗಿಲಲ್ಲೇ ನಿಂತಿದ್ದೆ. ಅಂದು ಒದ್ದೆಯಾದ ಈ ಪಂಚೆಯ ಅಂಚು ಇನ್ನೂ ಆರಿಲ್ಲ. ಮುಟ್ಟಿ ನೋಡಿ.