ಐದನೆಯ ಸಾಲು

ಅವರಿಬ್ಬರ ಮೊದಲ ಜಗಳ ಒಂದು ಬಾಣದ ಗುರುತಿನ ಮೇಲೆ ಆಗಿತ್ತು.

ಪೋರ್ಟ್ ಸೈದಿನ ಆ ಸಣ್ಣ ವೆಬ್ ಡಿಸೈನ್ ಆಫೀಸಿಗೆ ರಬಾಬ್ ಸೇರಿದ ದಿನ, ಪಕ್ಕದ ಮೇಜಿನ ತಾಮಿರ್ ಯಾವುದೋ ಆಸ್ಪತ್ರೆಯ ಪುಟ ಮಾಡುತ್ತಿದ್ದ. ಅರಬ್ಬಿಯಲ್ಲಿ ‘ಮುಂದೆ’ ಎಂದು ಬರೆದ ಒಂದು ಗುಂಡಿ, ಅದರ ಪಕ್ಕದಲ್ಲಿ ಬಲಕ್ಕೆ ಮುಖ ಮಾಡಿದ ಬಾಣ.

“ಇದು ಹಿಂದಕ್ಕೆ ಹೋಗುತ್ತೆ,” ಎಂದಳು ರಬಾಬ್.

“ಮುಂದೆ ಅಂತ ಬರೆದಿದೆಯಲ್ಲ?”

“ಬರೆದಿದೆ. ಆದ್ರೆ ನಾವು ಓದೋದು ಬಲದಿಂದ ಎಡಕ್ಕೆ ತಾನೇ? ನಮಗೆ ಮುಂದೆ ಅಂದ್ರೆ ಎಡಗಡೆ. ನಿಮ್ಮ ಬಾಣ ನಂಬಿದ ರೋಗಿ ವಾಪಸ್ ಮನೆಗೇ ಹೋಗ್ತಾನೆ, ಎಂಜಿನಿಯರ್ ಸಾಹೇಬ್ರೇ.”

ಅವನು ಬಾಣವನ್ನು ಎಡಕ್ಕೆ ತಿರುಗಿಸಿದ. ಆಮೇಲೆ ಅವಳ ಕಡೆ ತಿರುಗಿದ.

“ಸರಿ ಮಾಡಿದೆ. ಇನ್ನು ನಗಬೇಡಿ.”

“ನಾನೆಲ್ಲಿ ನಕ್ಕೆ?”

“ಒಳಗೇ ನಗ್ತಿದೀರಿ. ಕೆನ್ನೆ ಚಾಡಿ ಹೇಳ್ತಿದೆ.”

ರಬಾಬಳ ಮನೆ, ಹಡಗುಗಳು ಹಾಯುವ ಕಾಲುವೆಯ ಆಚೆ ದಡದ ಪೋರ್ಟ್ ಫುಆದಿನಲ್ಲಿ. ಸಂಜೆ ಫೆರಿ ದೋಣಿ ಹತ್ತಿದರೆ ಹತ್ತು ನಿಮಿಷದ ದಾರಿ. ಆಫೀಸು ಬಿಟ್ಟ ಮೇಲೆ ತಾಮಿರ್ ಕೂಡ ಅದೇ ಫೆರಿ ಹತ್ತುತ್ತಿದ್ದ. ಕಂಬಿಗೆ ಒರಗಿ ಕಡಲಹಕ್ಕಿಗಳಿಗೆ ರೊಟ್ಟಿಯ ಚೂರು ಎಸೆಯುತ್ತ, ಮಾತಿನ ನಡುವೆ ಅವಳ ಕಡೆ ನೋಡುತ್ತ. ಅವನ ಮನೆ ಈಚೆ ದಡದಲ್ಲೇ ಇದೆಯೆಂದು ಅವಳಿಗೆ ತಿಳಿದದ್ದು ಒಂದು ತಿಂಗಳ ನಂತರ.

“ನಿಮ್ಮ ಮನೆ ಈ ಕಡೆ ಅಲ್ವಾ?”

“ಹೌದು.”

“ಮತ್ತೆ ದಿನಾ ಆ ಕಡೆ ಯಾಕೆ ಬರ್ತೀರಿ?”

“ಬಾಣ ನಂಬಿ ಬಂದೆ,” ಎಂದ ತಾಮಿರ್.

ಆ ಸಂಜೆ ಅವಳು ಮನೆಗೆ ಹೋಗುವ ದಾರಿಯುದ್ದಕ್ಕೂ ನಕ್ಕಳು. ಒಳಗೊಳಗೇ.

ಐದು ವರ್ಷ ಹಾಗೇ ಕಳೆಯಿತು. ಈ ಚಳಿಗಾಲದಲ್ಲಿ ಅವರ ನಿಕಾಹ್ ಬರೆಸಿದರು. ಅವಳ ಸೋದರಮಾವನ ಕೈ, ತಾಮಿರ್‌ನ ಕೈ, ಎರಡರ ಮೇಲೆ ಬಿಳಿ ಕರವಸ್ತ್ರ. ಖಾಜಿಯ ದಫ್ತರದಲ್ಲಿ ಸಹಿ, ಸಹಿಯ ಪಕ್ಕ ಹೆಬ್ಬೆರಳಿನ ನೀಲಿ ಗುರುತು. ಮೆರವಣಿಗೆ, ಊಟ, ಹೊಸ ಮನೆ ಎಲ್ಲ ಆಸ್ಟ್ರೇಲಿಯಾದ ವೀಸಾ ಬಂದ ಮೇಲೆ ಎಂದಾಗಿತ್ತು. ಕಾನೂನಿನ ಕಣ್ಣಿಗೆ ಗಂಡ ಹೆಂಡತಿ, ಓಣಿಯ ಕಣ್ಣಿಗೆ ಇನ್ನೂ ಮದುವೆ ಗೊತ್ತಾದವರು. ಫೆರಿಯಲ್ಲಿ ಕೈ ಹಿಡಿದು ನಿಲ್ಲಬಹುದಿತ್ತು. ಆಚೆ ದಡದಲ್ಲಿ ಇಳಿದ ಮೇಲೆ ಅವಳು ಅಮ್ಮನ ಮನೆಗೇ ಹೋಗಬೇಕಿತ್ತು.

ನಿಕಾಹಿನ ಮರುದಿನ ತಾಮಿರ್ ತನ್ನ ಹೆಬ್ಬೆರಳು ತೋರಿಸಿದ. ನೀಲಿ ಹಾಗೇ ಇತ್ತು.

“ತೊಳೀಲಿಲ್ವಾ?”

“ತೊಳೆಯೋಕೆ ಮನಸ್ಸು ಬರಲಿಲ್ಲ ಕಣೇ.”

ಆಸ್ಟ್ರೇಲಿಯಾಕ್ಕೆ ಹೋಗಬೇಕಾದರೆ ಮೊದಲು ಅವನು ವೆಬ್ ಡಿಸೈನರ್ ಹೌದು ಎಂದು ಅಲ್ಲಿನವರು ಒಪ್ಪಬೇಕಿತ್ತು. ತಾಮಿರ್ ಓದಿದ್ದು ಕೃಷಿ. ಪದವಿ ಕೆಲಸಕ್ಕೆ ಬಾರದ್ದರಿಂದ, ಮಾಡಿದ ಸೈಟುಗಳೂ ಯಜಮಾನರ ಪತ್ರವೂ ಅವನ ಪರವಾಗಿ ಮಾತಾಡಬೇಕಿತ್ತು. ರಬಾಬ್ ಓದಿದ್ದು ಡಿಸೈನನ್ನೇ. ಆದರೆ ಅವಳ ಇಂಗ್ಲಿಷ್ ಕುಂಟುತ್ತಿತ್ತು. ಅವನದು ಹಡಗುಗಳ ಬದಿಗೆ ಪುಟ್ಟ ದೋಣಿ ನಿಲ್ಲಿಸಿ ಸಾಮಾನು ಮಾರುತ್ತಿದ್ದ ಅಪ್ಪನಿಂದ ಕಲಿತದ್ದು, ನೀರಿನ ಹಾಗೆ ಹರಿಯುತ್ತಿತ್ತು. ಅರ್ಜಿ ಅವನ ಹೆಸರಿನಲ್ಲಿ, ಅವಳು ಹೆಂಡತಿಯಾಗಿ ಜೊತೆಗೆ ಎಂದು ಇಬ್ಬರೂ ಸೇರಿ ತೀರ್ಮಾನಿಸಿದ್ದರು.

ಪತ್ರ ಬರೆಯುವ ದಿನ ಆಫೀಸಿನ ಯಜಮಾನಿ ಮದಾಮ್ ಇವೆತ್ ರಬಾಬಳನ್ನು ಒಳಗೆ ಕರೆದರು.

“ಈ ಮೂರು ದೊಡ್ಡ ಸೈಟು ಇಬ್ಬರೂ ಸೇರಿ ಮಾಡಿದ್ರಿ, ಒಪ್ತೀನಿ. ಆದ್ರೆ ಮುಖ್ಯ ಡಿಸೈನರ್ ಅಂತ ಒಬ್ಬರ ಹೆಸರೇ ಬರೀಬೇಕು ಮಗಳೇ. ನನ್ನ ಕೇಳಿದ್ರೆ ಅದು ನೀನು.”

“ಅವನದೇ ಬರೀರಿ ಮದಾಮ್. ಹೋಗೋದು ಇಬ್ಬರೂ ತಾನೇ?”

“ಯೋಚನೆ ಮಾಡು. ಒಂದು ಸಲ ಅವನದು ಅಂತ ಬರೆದ ಮೇಲೆ ನಾಳೆ ನಿನಗೆ ಇನ್ನೊಂದು ಪತ್ರ ಕೊಡೋಕಾಗಲ್ಲ. ಆ ಮೂರೂ ಅವನವಾಗಿಬಿಡ್ತವೆ.”

“ಆಗಲಿ,” ಎಂದಳು. ಅವನು ಕೇಳಿರಲಿಲ್ಲ. ಕೇಳದೆ ಕೊಡುವುದರಲ್ಲಿ ಒಂದು ಸುಖವಿತ್ತು.

ವಸಂತದಲ್ಲಿ ಉತ್ತರ ಬಂತು. ತಾಮಿರ್ ಈಗ ಅಧಿಕೃತವಾಗಿ ವೆಬ್ ಡಿಸೈನರ್. ಫೆರಿಯಲ್ಲಿ ಅವನು ಇಡೀ ರೊಟ್ಟಿಯನ್ನು ಹಕ್ಕಿಗಳಿಗೆ ಎಸೆದ.

ಇನ್ನು ಉಳಿದದ್ದು ಅಂಕಗಳ ಅರ್ಜಿ. ವಯಸ್ಸಿಗೆ ಇಷ್ಟು, ಭಾಷೆಗೆ ಇಷ್ಟು, ಕೆಲಸಕ್ಕೆ ಇಷ್ಟು. ಹೆಂಡತಿಗೆ ಇಂಗ್ಲಿಷ್ ಬಂದರೆ ಇನ್ನೂ ಐದು. ಆ ಐದಕ್ಕಾಗಿ ರಬಾಬ್ ದಿನವೂ ಫೆರಿಯಲ್ಲಿ ಪದಗಳ ಪುಸ್ತಕ ಹಿಡಿದು ಬಾಯಿಪಾಠ ಮಾಡುತ್ತಿದ್ದಳು. ಅವನು ಕೇಳುತ್ತಿದ್ದ, ಅವಳು ತಪ್ಪುತ್ತಿದ್ದಳು, ಅವನು ಅವಳ ಉಚ್ಚಾರವನ್ನು ಅಣಕಿಸಿ ಪೆಟ್ಟು ತಿನ್ನುತ್ತಿದ್ದ.

ಒಂದು ಮಧ್ಯಾಹ್ನ ಮದಾಮ್ ಹೊರಗೆ ಹೋಗಿದ್ದರು. ತಾಮಿರ್ ಊಟ ತರಲು ಎದ್ದ.

“ಫೋಟೋ ದೊಡ್ಡದಾಯ್ತು ಅಂತ ಹಟ ಮಾಡ್ತಿದೆ ಈ ಅರ್ಜಿ. ಸ್ವಲ್ಪ ಸಣ್ಣ ಮಾಡಿ ಹಾಕಿಬಿಡ್ತೀಯಾ? ಗುರುವಾರ ಸಂಜೆ ಕಳಿಸಿಬಿಡೋಣ,” ಎಂದು ಲ್ಯಾಪ್‌ಟಾಪನ್ನು ಅವಳ ಮುಂದೆ ಸರಿಸಿ ಹೋದ.

ಫೋಟೋ ಹಾಕಿದಳು. ಅದರ ಕೆಳಗೇ ಇತ್ತು: ವೈವಾಹಿಕ ಸ್ಥಿತಿ. ಎಂದೂ ಮದುವೆಯಾಗಿಲ್ಲ.

ಅವಳಿಗೆ ಮೊದಲು ಬಂದದ್ದು ನೋವಲ್ಲ, ಕಸುಬಿನ ಅನುಮಾನ. ಯಾರೋ ಕೆಟ್ಟ ಡಿಸೈನರ್ ಮೊದಲೇ ಒಂದು ಉತ್ತರ ತುಂಬಿಟ್ಟಿರಬೇಕು, ಇವನು ಗಮನಿಸದೆ ದಾಟಿರಬೇಕು. ತನ್ನದೇ ಫೋನಿನಲ್ಲಿ ಹೊಸದೊಂದು ಖಾಲಿ ಅರ್ಜಿ ತೆರೆದಳು. ಜೀವನದಲ್ಲಿ ಮೊದಲ ಸಲ, ಒಂದು ಪುಟ ಕೆಟ್ಟದಾಗಿ ಕಟ್ಟಿದ್ದಿರಲಿ ಎಂದು ಬೇಡಿಕೊಂಡಳು.

ಪುಟ ಚೆನ್ನಾಗಿ ಕಟ್ಟಿತ್ತು. ಆ ಜಾಗ ಖಾಲಿಯಿತ್ತು. ಒತ್ತಿದರೆ ಪಟ್ಟಿ ಇಳಿಯಿತು. ಮದುವೆಯಿಲ್ಲದೆ ಕೂಡಿ ಬಾಳುವವರು. ವಿಚ್ಛೇದನವಾಗಿದೆ. ನಿಶ್ಚಿತಾರ್ಥವಾಗಿದೆ. ಮದುವೆಯಾಗಿದೆ. ಐದನೆಯ ಸಾಲು, ಎಂದೂ ಮದುವೆಯಾಗಿಲ್ಲ. ಅಲ್ಲಿಗೆ ಹೋಗಲು ಅವನು ಮೂರನೆಯ, ನಾಲ್ಕನೆಯ ಸಾಲುಗಳಲ್ಲಿದ್ದ ಅವಳನ್ನು ಎರಡು ಸಲ ದಾಟಿ ಹೋಗಬೇಕಿತ್ತು.

ಬಿಸಿ ತಅಮಿಯಾ ವಡೆ ತುಂಬಿದ ರೊಟ್ಟಿಗಳ ಪೊಟ್ಟಣ ಹಿಡಿದು ತಾಮಿರ್ ಒಳಗೆ ಬಂದ. ತಾನು ಏನು ಬಿಟ್ಟುಹೋಗಿದ್ದೇನೆಂಬ ನೆನಪೇ ಅವನ ಮುಖದಲ್ಲಿ ಇರಲಿಲ್ಲ. ಮುಚ್ಚಿಡಬೇಕಾದ ವಿಷಯ ಎಂದೂ ಅವನಿಗೆ ಅನ್ನಿಸಿರಲಿಲ್ಲ. ಅದು ಅವಳನ್ನು ಹೆಚ್ಚು ಸುಟ್ಟಿತು.

“ಐದನೇ ಸಾಲು ಯಾಕೆ?” ಎಂದಳು.

“ಯಾವ ಸಾಲು?”

ಪರದೆಯನ್ನು ಅವನ ಕಡೆ ತಿರುಗಿಸಿದಳು. ಅವನು ಪೊಟ್ಟಣ ಕೆಳಗಿಟ್ಟು ಬಹಳ ಹೊತ್ತು ಬೆರಳು ಒರೆಸಿಕೊಂಡ.

“ಹತ್ತು ಅಂಕ ಕಣೇ. ಒಂಟಿ ಅಂದ್ರೆ ಹತ್ತು ಜಾಸ್ತಿ. ಇಲ್ಲಾಂದ್ರೆ ನನ್ನ ಸರದಿ ಬರೋದೇ ಇಲ್ಲ.”

“ನಾನು ಪರೀಕ್ಷೆಗೆ ಓದ್ತಿದೀನಲ್ಲ?”

“ಅದಕ್ಕೆ ಬರೋದು ಐದೇ. ಅದೂ ನೀನು ಪಾಸಾದ್ರೆ.”

“ಪಾಸಾದ್ರೆ,” ಎಂದು ಮೆಲ್ಲಗೆ ಹೇಳಿಕೊಂಡಳು ರಬಾಬ್. ಫೆರಿಯಲ್ಲಿ ಅವಳ ತಪ್ಪುಗಳಿಗೆ ಅವನು ನಕ್ಕದ್ದೆಲ್ಲ ನೆನಪಾಯಿತು.

“ಹಾಗಲ್ಲ. ನೋಡು, ಅಲ್ಲಿ ಹೋಗಿ ಒಂದು ವರ್ಷ ಆಗಲಿ, ನಿನ್ನ ಕರೆಸ್ಕೋತೀನಿ. ಇದೆಲ್ಲ ಬರೀ ಕಾಗದದ ಮೇಲೆ ಕಣೇ. ಮನಸ್ಸಲ್ಲಿ ನೀನು—”

“ನಮ್ಮ ಮದುವೆ ಇನ್ನೆಲ್ಲಿದೆ ತಾಮಿರ್, ಕಾಗದದ ಮೇಲೆ ಬಿಟ್ಟು?”

ಹೊರಗೆ ಕಾಲುವೆಯಲ್ಲಿ ಯಾವುದೋ ಹಡಗು ಉದ್ದಕ್ಕೆ ಕೂಗಿ ಸುಮ್ಮನಾಯಿತು.

“ಹೇಳಬೇಕು ಅಂತಿದ್ದೆ.”

“ಯಾವಾಗ?”

“ವೀಸಾ ಬರಲಿ ಅಂತ…”

“ನನ್ನ ಕೇಳಿದ್ರೆ,” ಎಂದು ಶುರು ಮಾಡಿದವಳು ಅಲ್ಲಿಗೇ ನಿಲ್ಲಿಸಿದಳು. ಕೇಳಿದ್ದರೆ ಬಹುಶಃ ಹೂಂ ಎನ್ನುತ್ತಿದ್ದಳು. ಕೇಳದೆಯೇ ಮೂರು ಸೈಟು ಕೊಟ್ಟವಳು ಅವಳು. ಅದನ್ನು ಅವನಿಗೆ ಹೇಳಿ ಏನೂ ಉಪಯೋಗವಿರಲಿಲ್ಲ.

ಪಟ್ಟಿಯನ್ನು ತೆರೆದು, ಲ್ಯಾಪ್‌ಟಾಪನ್ನು ಅವನ ಕೈಯ ಕೆಳಗೆ ಸರಿಸಿದಳು.

“ನಾಲ್ಕನೇ ಸಾಲು ಒತ್ತು, ಮದುವೆಯಾಗಿದೆ ಅನ್ನೋದು. ನಾನು ಪರೀಕ್ಷೆ ಪಾಸು ಮಾಡ್ತೀನಿ. ಸರದಿ ಬಂದಾಗ ಬರಲಿ, ಇಬ್ಬರೂ ಕಾಯೋಣ.”

ಅವನ ಹೆಬ್ಬೆರಳು ಗುಂಡಿಯ ಮೇಲೆ ಕೂತಿತು. ಖಾಜಿಯ ದಫ್ತರದಲ್ಲಿ ನೀಲಿಯಾಗಿದ್ದ ಅದೇ ಬೆರಳು. ರಬಾಬ್ ಅದನ್ನೇ ನೋಡಿದಳು. ಪೊಟ್ಟಣದ ಎಣ್ಣೆ ಕಾಗದದ ಆಚೆಗೆ ಹರಡಿತು. ಬೆರಳು ಅಲ್ಲಾಡಲಿಲ್ಲ. ಯಾರೂ ಮುಟ್ಟದ ಪರದೆ ತಾನಾಗಿ ಮಂಕಾಗಿ ಆರಿಹೋಯಿತು. ಕಪ್ಪು ಗಾಜಿನಲ್ಲಿ ಇಬ್ಬರ ಮುಖಗಳು ಅಕ್ಕಪಕ್ಕ ಕಂಡವು, ಫೆರಿಯ ಕಂಬಿಗೆ ಒರಗಿದಾಗ ನೀರಿನಲ್ಲಿ ಕಾಣುತ್ತಿದ್ದ ಹಾಗೆ.

ಅವಳೇ ಪರದೆಯನ್ನು ಎಬ್ಬಿಸಿದಳು. ಅವನ ಕೈಯನ್ನು ಮೆಲ್ಲಗೆ ಪಕ್ಕಕ್ಕಿಟ್ಟಳು.

“ಸುಳ್ಳು ಬರೆದು ಹೋಗಬೇಡ. ಗೊತ್ತಾದ್ರೆ ವಾಪಸ್ ಕಳಿಸ್ತಾರೆ. ಅಷ್ಟು ದೂರ ಹೋಗಿ ತಲೆ ತಗ್ಗಿಸಿಕೊಂಡು ಬರೋದು ಬೇಡ ನೀನು.” ಎರಡನೆಯ ಸಾಲು ಒತ್ತಿದಳು. “ಇದಕ್ಕೂ ಹತ್ತೇ ಅಂಕ.”

ವಿಚ್ಛೇದನವಾಗಿದೆ. ತಕ್ಷಣ ಅದರ ಕೆಳಗೆ ಹೊಸದೊಂದು ಚೌಕ ತೆರೆದುಕೊಂಡಿತು.

“ದಿನಾಂಕ ಕೇಳ್ತಿದೆ. ಗುರುವಾರ ಬೆಳಿಗ್ಗೆ ಖಾಜಿ ಸಿಗ್ತಾರೆ. ನಾನು ಮಾವನ್ನ ಕರ್ಕೊಂಡು ಬರ್ತೀನಿ.”

“ರಬಾಬ್! ಹುಚ್ಚು ಹಿಡೀತಾ ನಿಂಗೆ? ಇಷ್ಟಕ್ಕೆಲ್ಲ—”

“ಡಿಸೈನರ್ ಕಣೋ ನಾನು. ಪುಟದಲ್ಲಿ ತಪ್ಪಿದ್ರೆ ಸರಿ ಮಾಡದೆ ಎದ್ದು ಹೋಗೋಕಾಗಲ್ಲ.”

ಅವನು ಅತ್ತ. ಅವಳ ಕೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ. ಆದರೆ ಅತ್ತು ಮುಗಿದ ಮೇಲೂ ಅವನು ನಾಲ್ಕನೆಯ ಸಾಲು ಒತ್ತಲಿಲ್ಲ. ಅವಳು ಅದಕ್ಕಾಗಿಯೇ ಕಾಯುತ್ತಿದ್ದಳೆಂದು ಅವನಿಗೆ ಕೊನೆಗೂ ತಿಳಿಯಲಿಲ್ಲ.

ಗುರುವಾರ ಖಾಜಿ ಎರಡೆರಡು ಸಲ ಕೇಳಿದರು. ಮಾವ ಗದರಿದರು. ತಾಮಿರ್ ನೆಲ ನೋಡುತ್ತ ಹೇಳಬೇಕಾದ ಮಾತು ಹೇಳಿದ. ಮತ್ತೆ ಅದೇ ದಫ್ತರ, ಅದೇ ನೀಲಿ. ಅವನ ಅಂಗಿಯ ಕಾಲರ್ ಮಡಚಿಕೊಂಡಿತ್ತು. ಎದ್ದು ಬರುವಾಗ ರಬಾಬ್ ಅಭ್ಯಾಸಬಲದಿಂದ ಅದನ್ನು ಸರಿಮಾಡಿದಳು.

ಮಾವ ಮುಂದೆ ನಡೆದು ಫೆರಿ ಹತ್ತಿದರು. ತಾಮಿರ್ ಹಿಂದೆಯೇ ಬಂದ, ದಿನವೂ ಬರುತ್ತಿದ್ದ ಹಾಗೆ. ಗೇಟಿನ ಹತ್ತಿರ ರಬಾಬ್ ನಿಂತಳು.

“ಸಾಕು. ನಿನ್ನ ಮನೆ ಈ ಕಡೆ.”

“ಆ ದಿನಾಂಕ… ಇನ್ನೂ ಬರೆದಿಲ್ಲ ನಾನು.”

“ಬರಿ. ಇವತ್ತಿನದು.”

ಫೆರಿ ಹೊರಟಿತು. ಹಕ್ಕಿಗಳು ಕಂಬಿಯ ಹತ್ತಿರ ಸುತ್ತಿ, ರೊಟ್ಟಿ ಕಾಣದೆ, ಬೇರೆಯವರ ಕಡೆ ಹೋದವು. ಅವಳು ದಡದ ಕಡೆ ತಿರುಗಿ ನೋಡಲಿಲ್ಲ. ಅವನು ಇನ್ನೂ ಅಲ್ಲೇ ನಿಂತಿರುವುದು ಬೆನ್ನಿಗೆ ಗೊತ್ತಾಗುತ್ತಿತ್ತು.

ಆ ಮೂರು ಸೈಟು ಇನ್ನು ಅವಳವಲ್ಲ. ಹೊಸ ಮೂರು ಕಟ್ಟಬೇಕು, ಹೊಸ ಪತ್ರ ಬರೆಸಬೇಕು. ಪರೀಕ್ಷೆಗೆ ಇನ್ನು ಹದಿನೇಳು ದಿನವಿತ್ತು. ಚೀಲದಿಂದ ಪದಗಳ ಪುಸ್ತಕ ತೆಗೆದಳು. ಇಂಗ್ಲಿಷಿನಲ್ಲಿ ಮುಂದೆ ಎಂದರೆ ಬಲಗಡೆ. ಪುಟ ತಿರುಗಿಸಿದಾಗ ಹೆಬ್ಬೆರಳಿನ ಹಸಿ ನೀಲಿ ಮೂಲೆಗೆ ಅಂಟಿತು. ಒರೆಸಲು ಹೋಗದೆ, ಅದರ ಪಕ್ಕದ ಪದವನ್ನು ಅವಳು ಗಟ್ಟಿಯಾಗಿ ಓದಿದಳು. ತಪ್ಪಿತು. ಮತ್ತೆ ಓದಿದಳು.