ಬಾಗಿಲ ಬಳಿಯ ಮೂರು ಹಲಗೆಗಳು

"ಇಲ್ಲಿ ದಿನಕ್ಕೆ ಎಷ್ಟು ಬಕೆಟ್ ನೀರು ಸುರೀತೀರ?"

ಅವನು ಒಳಗೆ ಬಂದು ಎರಡು ನಿಮಿಷವೂ ಆಗಿರಲಿಲ್ಲ. ಶೂ ಬಿಚ್ಚಿ, ಅಜ್ಜಿ ಕೊಟ್ಟ ಹೂವಿನ ಚಪ್ಪಲಿಯೊಳಗೆ ಅರ್ಧ ಪಾದ ತುರುಕಿ, ಬಾಗಿಲ ಬಳಿ ಮಂಡಿಯೂರಿ ಕೂತವನು ಕೇಳಿದ ಮೊದಲ ಮಾತೇ ಇದು.

ಡೆನಿತ್ಸಾಳಿಗೆ ಮೈಯೆಲ್ಲ ಉರಿದುಹೋಯಿತು.

"ಒಂದು ಹನೀನೂ ಸುರಿಯಲ್ಲ ಮೇಸ್ತ್ರಿ. ಬಟ್ಟೆ ಹಿಂಡಿ ಹಿಂಡಿ ನನ್ನ ಕೈಯಲ್ಲಿ ಬೊಬ್ಬೆ ಎದ್ದಿದೆ."

"ಹಾಗಾದ್ರೆ ಈ ಹಲಗೆಗಳು ಬೆವರಿ ಉಬ್ಬಿದ್ವಾ?"

ಅವನು ತಲೆಯೆತ್ತಿದ. ಗಡ್ಡದಲ್ಲಿ ಮರದ ಪುಡಿ, ಕಣ್ಣಲ್ಲಿ ನಗು. ಆ ನಗು ಅವಳ ಸಿಟ್ಟಿಗೆ ತುಪ್ಪ ಸುರಿಯಿತು... ಸುಳ್ಳು ಯಾಕೆ ಹೇಳಲಿ, ಎದೆಯಲ್ಲಿ ಏನೋ ಜುಮ್ಮೆಂದದ್ದೂ ನಿಜ. ಅದಕ್ಕಾಗಿ ಅವಳಿಗೆ ತನ್ನ ಮೇಲೇ ಇನ್ನಷ್ಟು ಸಿಟ್ಟು ಬಂತು.

ಅವನ ಹೆಸರು ಯಾವೋರ್. ತಿಂಗಳ ಹಿಂದೆ, ಡೆನಿತ್ಸಾ ಕೆಲಸಕ್ಕೆ ಹೋಗಿದ್ದ ಹೊತ್ತಿನಲ್ಲಿ ಬಂದು, ಸವೆದುಹೋದ ಹಳೆಯ ಮರದ ನೆಲ ಕಿತ್ತು ಈ ಲ್ಯಾಮಿನೇಟ್ ಹಲಗೆ ಹಾಸಿ ಹೋದವನು. ಅವನನ್ನು ಆಗ ನೋಡಿದ್ದು ಪೆನಾ ಅಜ್ಜಿ ಮಾತ್ರ. ಆ ಮನೆಯಲ್ಲಿ ಇದ್ದವರೇ ಇಬ್ಬರು, ಅಜ್ಜಿ ಮತ್ತು ಮೊಮ್ಮಗಳು.

ಹೊಸ ನೆಲ ಬಂದಾಗಿನಿಂದ ಡೆನಿತ್ಸಾಳ ನೆಮ್ಮದಿ ಹಾಳಾಗಿತ್ತು. ರೂಸೆ ಪಟ್ಟಣದ ದೊಡ್ಡ ಬೀದಿಯಲ್ಲಿ ಅವಳಿಗೆ ಕನ್ನಡಕದಂಗಡಿಯ ಕೆಲಸ. ದಿನವಿಡೀ ಗಾಜು ಒರೆಸಿ, ಕಲೆಯಿಲ್ಲದಂತೆ ಹೊಳೆಸಿ ಕೊಡುವವಳು. ಅಂಥವಳ ಮನೆಯ ನೆಲದ ಮೇಲೆ ಗೆರೆಗಳು! ಒರೆಸಿದಷ್ಟೂ ಗೆರೆ. ಬೆಳಗಿನ ಬಿಸಿಲು ಬಾಲ್ಕನಿಯಿಂದ ಒಳಗೆ ಬಂದರೆ ಸಾಕು, ಅವಳು ಎಳೆದ ಒಂದೊಂದು ಬಟ್ಟೆಯ ಜಾಡೂ ಎದ್ದು ಕಾಣುತ್ತಿತ್ತು. ಸಾಲದ್ದಕ್ಕೆ ಈಗ ಬಾಗಿಲ ಬಳಿ ಮೂರು ಹಲಗೆಗಳು ಅಂಚಿನಲ್ಲಿ ಉಬ್ಬಿ ನಿಂತಿದ್ದವು.

ಯಾವೋರ್ ಅವಳ ಬಕೆಟ್ ಮೂಸಿ ನೋಡಿದ. ಅಜ್ಜಿಯ ಕಾಲದ, ಮೇಣ ಬೆರೆಸಿದ ಸೋಪು. ಅದು ಹಳೆಯ ಮರದ ನೆಲಕ್ಕೆ ಸರಿ, ಇದರ ಮೇಲೆ ಪದರಗಟ್ಟುತ್ತದೆ, ಗೆರೆ ಬರುವುದು ಅದರಿಂದಲೇ ಎಂದು ವಿವರಿಸಿದ. ಉಗುರುಬೆಚ್ಚನೆ ನೀರು, ಅದಕ್ಕೆ ಒಂದೇ ಚಮಚ ವಿನೆಗರ್. ಬಟ್ಟೆ ಹಿಂಡಿದರೆ ಹನಿ ಬೀಳಬಾರದು. ಹಲಗೆಯ ಉದ್ದಕ್ಕೆ ಒರೆಸಬೇಕು, ಅಡ್ಡಕ್ಕಲ್ಲ. ಹಿಂದೆಯೇ ಒಣಬಟ್ಟೆ.

"ಕನ್ನಡಕದಂಗಡಿಯವರು ಅಂತ ಅಜ್ಜಿ ಹೇಳಿದ್ರು. ಗಾಜಿನ ಮೇಲೆ ಬಕೆಟ್ ಬೋರಲು ಹಾಕ್ತೀರಾ? ಇದೂ ಹಾಗೇನೇ."

ಗೆರೆಯ ವಿಷಯದಲ್ಲಿ ಅವಳು ಸೋಲೊಪ್ಪಿದಳು. ಆದರೆ ಉಬ್ಬಿದ ಹಲಗೆ? ನೀರು ಬೀಳದೆ ಹೀಗಾಗುವುದಿಲ್ಲ ಎಂದು ಅವನು. ನೀರು ಬಿದ್ದೇ ಇಲ್ಲ ಎಂದು ಇವಳು. ಕೊನೆಗೆ ಅವನು, ಶುಕ್ರವಾರ ಬಂದು ಹಲಗೆ ಬದಲಾಯಿಸುತ್ತೇನೆ, ಆಗ ಅಡಿಯಲ್ಲಿ ಏನಿದೆ ನೋಡೋಣ ಎಂದು ಹೊರಟುಹೋದ.

'ನನ್ನನ್ನೇ ಸುಳ್ಳಿ ಅಂತಾನಲ್ಲ... ಎಷ್ಟು ಕೊಬ್ಬು!'

ಶುಕ್ರವಾರ ಸಂಜೆ ಬಂದ. ಅಜ್ಜಿ ಬಾಲ್ಕನಿಯಲ್ಲಿ ಕೆಂಪು ಮೆಣಸು ಸುಡುತ್ತಿದ್ದಳು, ಮನೆಯೆಲ್ಲ ಘಾಟು. ಡೆನಿತ್ಸಾ ಆ ದಿನ ಬೇಕೆಂದೇ ಹಸಿರು ಅಂಗಿ ಹಾಕಿದ್ದಳು. ಬೇಕೆಂದೇ ಹಾಕಿದ್ದೆಂದು ತನಗೇ ಒಪ್ಪಿಕೊಳ್ಳಲಿಲ್ಲ, ಅದು ಬೇರೆ ಮಾತು. ಕಾಫಿ ಮಾಡುತ್ತ ಕಿವಿ ಮಾತ್ರ ಬಾಗಿಲ ಬಳಿ ಇಟ್ಟಿದ್ದಳು.

ಕಾಲೊರಸು ಸರಿಸಿ, ಹಲಗೆ ಎಬ್ಬಿಸಿದ ಸದ್ದು. ಅಜ್ಜಿ ಓಡಿಬಂದು ಏನೋ ಪಿಸುಗುಟ್ಟಿದಳು. ಡೆನಿತ್ಸಾ ಕಾಫಿ ಹಿಡಿದು ಬರುವಷ್ಟರಲ್ಲಿ ಅವನ ಬಾಯಲ್ಲಿ ಅಜ್ಜಿ ತುರುಕಿದ ಅಂಜೂರದ ಜಾಮು, ಮುಖದಲ್ಲಿ ವಿಚಿತ್ರ ಗಾಂಭೀರ್ಯ.

"ಏನಿತ್ತು ಅಡಿಯಲ್ಲಿ?"

ಅವನು ಜಾಮು ನುಂಗಿದ. ಎಡಗೈ ಮುಷ್ಟಿ ಬಿಗಿಯಾಗಿತ್ತು.

"ತಪ್ಪು ನಂದೇ. ಹಲಗೆ ಸರಿಯಾಗಿ ಕೂರಿಸಿರಲಿಲ್ಲ."

ಗೆದ್ದೆ ಎಂದು ಕುಣಿಯಬೇಕಾಗಿತ್ತು. ಆದರೆ ಅವಳಿಗೆ ಅಳುವೇ ಬರುವಂತಾಯಿತು. ತಾನೇ ಹಾಳು ಮಾಡಿ, ಅವಳನ್ನು ಸುಳ್ಳಿಯೆಂದು ಹಂಗಿಸಿ, ಈಗ ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವವನ ಮೇಲೆ ಮನಸ್ಸು ಹರಿದಿತ್ತಲ್ಲ ಎಂಬ ಅವಮಾನ. ಆ ಸಿಟ್ಟಿನಲ್ಲಿ ಕಟ್ಟಡದವರ ಫೋನ್ ಗುಂಪಿನಲ್ಲಿ ಬರೆದುಬಿಟ್ಟಳು: ಯಾವೋರ್ ಮೇಸ್ತ್ರಿಯನ್ನು ಕರೆಯಬೇಡಿ, ಕೆಲಸ ಕೆಟ್ಟದು, ಅವರೇ ಒಪ್ಪಿಕೊಂಡಿದ್ದಾರೆ.

ಮರುದಿನವೇ, ನೆಲ ಹಾಸಲು ಅವನಿಗೆ ಹೇಳಿದ್ದ ಮೂರನೇ ಮಹಡಿಯವರೂ ಆರನೇ ಮಹಡಿಯವರೂ ಅವನಿಗೆ ಬರಬೇಡ ಅಂದರಂತೆ. ಸುದ್ದಿ ಕೇಳಿ ಅಜ್ಜಿ ಊಟ ಬಿಟ್ಟು ಎದ್ದಳು. ಯಾಕೆಂದು ಕೇಳಿದರೆ ಬಾಯಿ ಬಿಡಲಿಲ್ಲ.

ಮಂಗಳವಾರ ಬೆಳಿಗ್ಗೆ ಡೆನಿತ್ಸಾ ಡ್ರೈವಿಂಗ್ ಪಾಠಕ್ಕೆ ಹೊರಟಳು. ಇದು ಅವಳ ಗುಟ್ಟು. ಪರೀಕ್ಷೆಯಲ್ಲಿ ಮೂರು ಸಲ ಫೇಲಾಗಿದ್ದಳು, ನಾಲ್ಕನೆಯದು ಮುಂದಿನ ವಾರ. ಕಟ್ಟಡದಲ್ಲಿ ಒಂದು ನರಪಿಳ್ಳೆಗೂ ಗೊತ್ತಾಗಬಾರದು ಎಂದು ಅಜ್ಜಿಯಿಂದ ಆಣೆ ಹಾಕಿಸಿಕೊಂಡಿದ್ದಳು. ಮೂರನೇ ಮಹಡಿಯವರೆಗೆ ಇಳಿದಾಗ ಗುರುತಿನ ಚೀಟಿ ಮರೆತದ್ದು ನೆನಪಾಯಿತು. ಹಿಂದಿರುಗಿ ಬಾಗಿಲು ತೆರೆದರೆ...

ಅಜ್ಜಿ ನೆಲದ ಮೇಲೆ ಮಂಡಿಯೂರಿದ್ದಳು. ಕಾಲೊರಸು ಮಗುಚಿತ್ತು, ಅದರಡಿ ನೀರು. ಪಕ್ಕದಲ್ಲಿ ತಾಮ್ರದ ತಂಬಿಗೆ, ನೀರಿನಲ್ಲಿ ಜೆರೇನಿಯಂ ಹೂವಿನ ಕೆಂಪು ಎಸಳು. ತಲೆಗೆ ಕಟ್ಟುವ ಬಟ್ಟೆಯಿಂದ ಹೊಸ ಹಲಗೆಗಳನ್ನು ಗಡಿಬಿಡಿಯಲ್ಲಿ ಒರೆಸುತ್ತಿದ್ದಳು.

ಡೆನಿತ್ಸಾಳಿಗೆ ಹೇಳಿಸಿಕೊಳ್ಳುವ ಅಗತ್ಯವೇ ಬೀಳಲಿಲ್ಲ. ಮುಖ್ಯವಾದ ಕೆಲಸಕ್ಕೆ ಹೊರಟವರ ಕಾಲ ಮುಂದೆ ನೀರು ಸುರಿದರೆ ಕೆಲಸ ನೀರಿನಂತೆ ಸರಾಗ ಹರಿಯುತ್ತದೆ ಎಂಬುದು ಆ ಕಡೆಯ ಹಳೆಯ ನಂಬಿಕೆ. ಅವಳು ಶಾಲೆಗೆ ಹೋದ ಮೊದಲ ದಿನವೂ ಅಜ್ಜಿ ಸುರಿದಿದ್ದಳು. ಮೂರನೇ ಸಲ ಫೇಲಾದಾಗ ಡೆನಿತ್ಸಾಳೇ ಕಿರುಚಿದ್ದಳು, ಇನ್ನು ನಿನ್ನ ನೀರು ಸಾಕು ಎಂದು. ಅಂದಿನಿಂದ ಅಜ್ಜಿ ಪ್ರತಿ ಪಾಠಕ್ಕೂ ಅವಳು ಹೊರಟ ಮೇಲೆ ಗುಟ್ಟಾಗಿ ಸುರಿಯುತ್ತಿದ್ದಳು.

"ಹೊರಗೆ ಮೆಟ್ಟಿಲ ಮೇಲೆ ಸುರಿಬಾರದಾಗಿತ್ತಾ ಅಜ್ಜಿ?"

"ಎದುರುಮನೆಯವಳು ಯಾಕೆ ಅಂತ ಕೇಳ್ತಾಳೆ. ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕ್ಸಿದ್ಯಲ್ಲ ನೀನು." ಅಜ್ಜಿ ಮೂಗು ಒರೆಸಿಕೊಂಡಳು. "ಆ ಹುಡುಗನಿಗೆ ಹಲಗೆ ಸಂದಿಯಲ್ಲಿ ಎಸಳು ಸಿಕ್ತು. ಅವನಜ್ಜಿನೂ ಹೀಗೇ ಸುರೀತಿದ್ಲಂತೆ. ಇವಳು ಪಾಸಾಗೋವರೆಗೆ ಬಾಯಿ ಬಿಡ್ಬೇಡ ಮಗಾ ಅಂತ ಕೈ ಹಿಡ್ಕೊಂಡೆ. ಅವನು ತಪ್ಪನ್ನ ತನ್ನ ತಲೆ ಮೇಲೆ ಹಾಕ್ಕೊಂಡುಬಿಟ್ಟ."

ಡೆನಿತ್ಸಾ ಬಾಗಿಲಿಗೆ ಒರಗಿದಳು. ಆ ಬಿಗಿಮುಷ್ಟಿ! ಅದರೊಳಗಿದ್ದದ್ದು ಅಜ್ಜಿಯ ಗುಟ್ಟು. ತಾನು ಬರೆದದ್ದು ನೆನಪಾಗಿ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಪಾಠ ಹಾಳಾಗಲಿ ಎಂದು ಅವನನ್ನು ಹುಡುಕಿ ಹೊರಟಳು. ಎರಡು ಬೀದಿಯಾಚೆ, ಹೊಸದಾಗಿ ಮದುವೆಯಾದವರ ಖಾಲಿ ಮನೆಯಲ್ಲಿ ಅವನು ಹಾಸಿ ಮುಗಿಸಿದ ನೆಲವನ್ನು ಒರೆಸುತ್ತಿದ್ದ. ಹಲಗೆಯ ಉದ್ದಕ್ಕೆ. ಹಿಂದೆಯೇ ಒಣಬಟ್ಟೆ. ಒಂದು ಗೆರೆಯೂ ಇಲ್ಲ.

"ಯಾಕೆ ಹೇಳ್ಲಿಲ್ಲ ನೀವು?" ಅವಳು ಕಣ್ಣೊರೆಸಿಕೊಳ್ಳುತ್ತ ಬಾಗಿಲಲ್ಲೇ ನಿಂತಳು.

ಅವನು ಬಟ್ಟೆ ಬಕೆಟ್ಟಿಗೆ ಹಾಕಿದ. "ಅಜ್ಜಿಗೆ ಮಾತು ಕೊಟ್ಟಿದ್ದೆ."

"ನಿಮ್ಮ ಹೆಸರು ಹಾಳಾಯ್ತಲ್ಲ! ಒಂದು ಮಾತು ಬೈಬಾರದಾಗಿತ್ತಾ ನನಗೆ?"

"ಸಿಟ್ಟು ಬಂದಿಲ್ಲ ಅಂದ್ಕೋಬೇಡಿ. ನೀವು ಬರೆದದ್ದನ್ನ ನಾಲ್ಕು ಸಲ ಓದಿದೆ. ಬಂದು ಜಗಳ ಆಡ್ಬೇಕು ಅಂತ ಎರಡು ಸಲ ನಿಮ್ಮ ಮೆಟ್ಟಿಲವರೆಗೂ ಬಂದಿದ್ದೆ." ಅವನ ದನಿ ತಗ್ಗಿತು. "ಜಗಳ ಆಡಿದ್ರೆ ಆಮೇಲೆ ಬರೋಕೆ ನೆಪ ಇರಲ್ಲ ಅಂತ ವಾಪಸ್ ಹೋದೆ. ತಾನು ಹಾಸಿದ ನೆಲ ಇನ್ನೊಂದ್ಸಲ ಉಬ್ಬಲಿ ಅಂತ ಬೇಡ್ಕೊಂಡ ಮೇಸ್ತ್ರಿ ಈ ಊರಲ್ಲಿ ನಾನೊಬ್ಬನೇ ಇರ್ಬೇಕು."

ಅವಳು ಫೋನ್ ತೆಗೆದಳು. ಅಲ್ಲೇ ನಿಂತು ಗುಂಪಿನಲ್ಲಿ ಬರೆದಳು: ಮೇಸ್ತ್ರಿಯ ಕೆಲಸದಲ್ಲಿ ತಪ್ಪಿಲ್ಲ. ನಾನು ಡ್ರೈವಿಂಗ್ ಪರೀಕ್ಷೆಯಲ್ಲಿ ಮೂರು ಸಲ ಫೇಲಾಗಿದ್ದೇನೆ, ಅದಕ್ಕೆ ಅಜ್ಜಿ ನೆಲದ ಮೇಲೆ ನೀರು ಸುರಿಯುತ್ತಿದ್ದಳು. ನನ್ನ ಮಾತು ಸುಳ್ಳು, ಅವರ ಕ್ಷಮೆ ಕೇಳುತ್ತೇನೆ. ಕಳಿಸಿದಳು. ಆಮೇಲೆ ಫೋನನ್ನು ಅವನತ್ತ ಚಾಚಿದಳು.

ಅವನು ಓದಿದ, ಇನ್ನೊಮ್ಮೆ ಓದಿದ.

"ಮೂರು ಸಲಾನಾ?" ಅಂದ ಕೊನೆಗೆ.

ಅಳುತ್ತಿದ್ದವಳು ನಕ್ಕುಬಿಟ್ಟಳು.

ಪರೀಕ್ಷೆಯ ದಿನ ಬೆಳಿಗ್ಗೆ ಡೆನಿತ್ಸಾ ಬಾಗಿಲು ತೆರೆದಾಗ ಹೊರಗಿನ ಮೆಟ್ಟಿಲ ಕಲ್ಲಿನ ಮೇಲೆ ಯಾವೋರ್ ನಿಂತಿದ್ದ. ಕೈಯಲ್ಲಿ ಅಜ್ಜಿಯ ತಾಮ್ರದ ತಂಬಿಗೆ, ಹೆಗಲ ಮೇಲೆ ಒಣಬಟ್ಟೆ. ಎದುರುಮನೆಯವಳು ಬಾಗಿಲು ತೆರೆದು ನೋಡುತ್ತಿದ್ದಳು, ಮೇಲಿನ ಮಹಡಿಯಿಂದ ಎರಡು ತಲೆ ಬಾಗಿದ್ದವು. ಅವಳಿಗೆ ನಾಚಿಕೆಯಾಯಿತು, ಆದರೆ ಹಿಂದೆ ಸರಿಯಬೇಕೆನಿಸಲಿಲ್ಲ.

"ಇಲ್ಲಿ ಎಷ್ಟು ಬೇಕಾದ್ರೂ ಸುರೀಬಹುದು," ಎಂದು ಅವನು ತಂಬಿಗೆ ಬಗ್ಗಿಸಿದ. ಕೆಂಪು ಎಸಳು ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಯಿತು.

ಅವಳು ನೀರು ದಾಟಿ ಅವನ ಹತ್ತಿರ ನಿಂತಳು.

"ಈ ಸಲಾನೂ ಫೇಲಾದ್ರೆ?"

"ಐದನೇ ಸಲಕ್ಕೆ ಸುರೀತೀನಿ. ಆರನೇದಕ್ಕೂ."

"ಪಾಸಾಗಿಬಿಟ್ರೆ? ಆಮೇಲೆ ಬರೋಕೆ ನೆಪ ಇರಲ್ವಲ್ಲ ಮೇಸ್ತ್ರಿ?"

ಅವನು ಹೆಗಲಿನ ಬಟ್ಟೆ ತೆಗೆದು, ಬಾಗಿ, ಅವಳ ಶೂ ಮೇಲೆ ಚಿಮ್ಮಿದ್ದ ಹನಿಗಳನ್ನು ಮೆಲ್ಲನೆ ಒರೆಸಿದ.

"ನೆಪ ಇಲ್ದೇನೇ ಬರ್ತೀನಿ ಡೆನಿತ್ಸಾ. ನೀನು ಬಾ ಅಂದ್ರೆ."

"ಬಾ," ಅಂದಳು ಅವಳು.